ಶಿಲೋದ್ಯಾನ: ಆಲ್ಪೈನ್ ಸಸ್ಯಗಳು ಮತ್ತು ವಿಜಯಪುರ ಸೀಮೆಯ ಮಡ್ಡಿನೆಲ

ಕಲ್ಲು, ಕಲ್ಲುಚೂರು, ತೆಳುಮಣ್ಣು ಸೇರಿದ ನೆಲವನ್ನು ಸಿದ್ಧಪಡಿಸಿ, ಅಂಥ ನೆಲಕ್ಕೇ ಒಗ್ಗಿದ ಸಸ್ಯಗಳನ್ನು ಬೆಳೆಸುವ ತೋಟಕ್ಕೆ ಶಿಲೋದ್ಯಾನ ಅಥವಾ ರಾಕ್ ಗಾರ್ಡನ್ ಎನ್ನುತ್ತಾರೆ. ಈ ತೋಟಗಾರಿಕೆ ಯುರೋಪಿನಲ್ಲಿ ರೂಪುಗೊಂಡಿತು. ಪರ್ವತಗಳಲ್ಲಿ ಮರಗಳು ಬೆಳೆಯುವ ಮಿತಿಯ ಮೇಲೆ, ಹಿಮ ಕರಗಿದ ಕೆಲವೇ ವಾರಗಳಲ್ಲಿ ಚಿಗುರಿ ಹೂಬಿಟ್ಟು ಬೀಜ ಕಟ್ಟುವ ಆಲ್ಪೈನ್ ಸಸ್ಯಗಳನ್ನು ಬಯಲುಸೀಮೆಗೆ ತಂದು ಬದುಕಿಸುವುದೇ ಅದರ ಮೊದಲ ಗುರಿಯಾಗಿತ್ತು. ಕರ್ನಾಟಕದ ಉತ್ತರದ ಒಣಸೀಮೆಯಾದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲ್ಲೂಕುಗಳಲ್ಲಿ ಹಿಮ ಬೀಳುವುದಿಲ್ಲ, ಎತ್ತರದ ಪರ್ವತವೂ ಇಲ್ಲ. ಆದರೂ ಕೃಷ್ಣಾ ತೀರದ ಆಲಮಟ್ಟಿಯಲ್ಲಿ ರಾಕ್ ಗಾರ್ಡನ್ ಇದೆ, ನಾಲ್ಕೂ ತಾಲ್ಲೂಕುಗಳಲ್ಲಿ ಶಿಲೋದ್ಯಾನಕ್ಕೆ ಬೇಕಾದ ಕಲ್ಲು ಹೇರಳವಾಗಿದೆ, ಆ ಕಲ್ಲಿನ ಸಂದಿಯಲ್ಲೇ ಬದುಕು ಕಟ್ಟಿಕೊಂಡ ಸಸ್ಯಗಳೂ ಇವೆ. ಆಲ್ಪೈನ್ ಸಸ್ಯ ಈ ಸೀಮೆಗೆ ಹೊಂದುವುದಿಲ್ಲ. ಆದರೆ ಆಲ್ಪೈನ್ ಸಸ್ಯವನ್ನು ಬೆಳೆಸಲು ತೋಟಗಾರರು ಕಲಿತ ವಿದ್ಯೆ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಆ ವಿದ್ಯೆಯನ್ನು ಇಲ್ಲಿನ ಮಡ್ಡಿಯ, ಅಂದರೆ ತೆಳುಮಣ್ಣಿನ ಕಲ್ಲುನೆಲದ, ಸಸ್ಯಗಳಿಗೆ ಬಳಸಿದಾಗಲೇ ಈ ಭಾಗದ ಶಿಲೋದ್ಯಾನ ಪೂರ್ಣವಾಗುತ್ತದೆ ಎಂಬುದು ಈ ಲೇಖನದ ವಾದ.

ಇತಿಹಾಸ

ಯುರೋಪಿನಲ್ಲಿ ಉಳಿದಿರುವ ಅತಿ ಹಳೆಯ ಶಿಲೋದ್ಯಾನ ಲಂಡನ್ನಿನ ಚೆಲ್ಸಿ ಫಿಸಿಕ್ ಗಾರ್ಡನ್‌ನಲ್ಲಿದೆ. ಅದು ಸಿದ್ಧವಾದದ್ದು 1773ರಲ್ಲಿ. ಲಂಡನ್ ಕೋಟೆಯಿಂದ ತೆಗೆದ ಹಳೆಯ ಕಟ್ಟಡದ ಕಲ್ಲುಗಳ ಜೊತೆಗೆ, ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ 1772ರ ಐಸ್‌ಲ್ಯಾಂಡ್ ಯಾತ್ರೆಯಿಂದ ಮರಳುವಾಗ ಹಡಗಿನ ತಳಭಾರಕ್ಕೆಂದು ತುಂಬಿಸಿ ತಂದ ಬಸಾಲ್ಟ್ ಲಾವಾವನ್ನು ಅದಕ್ಕೆ ಬಳಸಿದರು. ಇಂಡಿ, ಸಿಂದಗಿಗಳ ಹೊಲದಡಿಯಲ್ಲಿರುವುದೂ ಬಸಾಲ್ಟ್ ಲಾವಾವೇ, ವಯಸ್ಸಿನಲ್ಲಿ ಮಾತ್ರ ಬಹಳ ಹಿರಿದು. ಮುಂದಿನ ಶತಮಾನದಲ್ಲಿ ಈ ಕಲೆಗೆ ವಿಜ್ಞಾನದ ತಳಪಾಯ ಸಿಕ್ಕಿತು. ಇನ್ಸ್‌ಬ್ರುಕ್‌ನಲ್ಲಿದ್ದ ಆಂಟನ್ ಕೆರ್ನರ್ 1864ರಲ್ಲಿ ಆಲ್ಪೈನ್ ಸಸ್ಯಗಳ ಕೃಷಿಯ ಬಗ್ಗೆಯೇ ಒಂದು ಗ್ರಂಥ ಬರೆದರು. ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ 1871ರಲ್ಲೂ ಕ್ಯೂ ಉದ್ಯಾನದಲ್ಲಿ 1882ರಲ್ಲೂ ಶಿಲೋದ್ಯಾನಗಳು ತಲೆ ಎತ್ತಿದವು. ರೆಜಿನಾಲ್ಡ್ ಫ್ಯಾರರ್ 1907ರಲ್ಲೂ 1919ರಲ್ಲೂ ಪ್ರಕಟಿಸಿದ ಗ್ರಂಥಗಳು ಈ ಹವ್ಯಾಸವನ್ನು ಸಾಮಾನ್ಯ ಮನೆಗಳ ಹಿತ್ತಲಿಗೂ ಒಯ್ದವು. 1929ರಲ್ಲಿ ಬ್ರಿಟನ್ನಿನಲ್ಲಿ ಆಲ್ಪೈನ್ ಗಾರ್ಡನ್ ಸೊಸೈಟಿ ಸ್ಥಾಪನೆಯಾಯಿತು. ಈ ಇತಿಹಾಸದುದ್ದಕ್ಕೂ ಒಂದು ಸಂಗತಿ ಎದ್ದು ಕಾಣುತ್ತದೆ. ಗುಡ್ಡದಾಕಾರದಲ್ಲಿ ಕಲ್ಲು ಪೇರಿಸಿ ನಡುವೆ ಸಸಿ ಸಿಕ್ಕಿಸಿದವರ ತೋಟಗಳು ಬೇಗ ಹಾಳಾದವು. ಸಸ್ಯ ಹುಟ್ಟಿದ ನೆಲದಲ್ಲಿ ನೀರು ಹೇಗೆ ಇಳಿಯುತ್ತದೆ, ಬೇರು ಎಲ್ಲಿಗೆ ಹೋಗುತ್ತದೆ, ಬಿಸಿಲು ಯಾವ ಮಗ್ಗುಲಿಗೆ ಬೀಳುತ್ತದೆ ಎಂದು ನೋಡಿ ಕಟ್ಟಿದವರ ತೋಟಗಳು ಬಾಳಿದವು.

ಭಾರತದಲ್ಲಿ ರಾಕ್ ಗಾರ್ಡನ್ ಬೇರೆಯೇ ದಾರಿ ಹಿಡಿಯಿತು. ಚಂಡೀಗಢದಲ್ಲಿ ರಸ್ತೆ ಇಲಾಖೆಯ ನೌಕರರಾಗಿದ್ದ ನೇಕ್ ಚಂದ್ 1957ರಿಂದ ಯಾರಿಗೂ ತಿಳಿಯದಂತೆ ಕಟ್ಟುತ್ತ ಬಂದು, 1976ರಲ್ಲಿ ಸಾರ್ವಜನಿಕರಿಗೆ ತೆರೆದ ಉದ್ಯಾನವೇ ಇಲ್ಲಿನ ಮಾದರಿಯಾಯಿತು. ಒಡೆದ ಬಳೆ, ಪಿಂಗಾಣಿ ಚೂರು, ಕಾರ್ಖಾನೆಯ ಕಸಗಳಿಂದ ಮಾಡಿದ ಸಾವಿರಾರು ಮೂರ್ತಿಗಳ ಆ ಲೋಕ ನಿಜಕ್ಕೂ ದೊಡ್ಡ ಕಲಾಕೃತಿ. ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ್ ರಾಕ್ ಗಾರ್ಡನ್ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ಹಿಡಿದಿಟ್ಟಿದೆ. ಈ ಪರಂಪರೆಯಲ್ಲಿ ಶಿಲ್ಪಕ್ಕೆ ಮುಖ್ಯ ಸ್ಥಾನ, ಸಸ್ಯಕ್ಕೆ ಹಿನ್ನೆಲೆಯ ಸ್ಥಾನ. ಆಲಮಟ್ಟಿಯ ಉದ್ಯಾನವೂ ಬಹುಮಟ್ಟಿಗೆ ಇದೇ ಸಾಲಿಗೆ ಸೇರುತ್ತದೆ.

ಆಲಮಟ್ಟಿ

ಕೃಷ್ಣಾ ಮೇಲ್ದಂಡೆ ಯೋಜನೆಯ ಮುಖ್ಯ ಜಲಾಶಯವಾದ ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು 1964ರ ಮೇ 22ರಂದು ಅಡಿಗಲ್ಲು ಹಾಕಿದರು. ಅವರ ಹೆಸರನ್ನೇ ಹೊತ್ತ ಈ ಜಲಾಶಯದಲ್ಲಿ 519.60 ಮೀಟರ್ ಮಟ್ಟದವರೆಗೆ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಬಹುಕಾಲ ಬಸವನಬಾಗೇವಾಡಿ ತಾಲ್ಲೂಕಿನಲ್ಲಿದ್ದ ಆಲಮಟ್ಟಿ, ತಾಲ್ಲೂಕುಗಳ ಮರುವಿಂಗಡಣೆಯ ಬಳಿಕ ನಿಡಗುಂದಿ ತಾಲ್ಲೂಕಿಗೆ ಸೇರಿದೆ. 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮ ಇಲ್ಲಿ ಅಣೆಕಟ್ಟಿನ ಮಗ್ಗುಲಿನ ಬರಡು ನೆಲವನ್ನು ಉದ್ಯಾನಗಳ ಸಮೂಹವಾಗಿ ಬೆಳೆಸಿತು. ರಾಕ್ ಗಾರ್ಡನ್, ಲವಕುಶ ಉದ್ಯಾನ, ಗೋಪಾಲಕೃಷ್ಣ ಉದ್ಯಾನ, ಮೊಘಲ್ ಶೈಲಿಯ ಉದ್ಯಾನ, ಸಂಗೀತ ಕಾರಂಜಿ ಇವೆಲ್ಲ ಸೇರಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಜನರ ರಜೆಯ ದಿನದ ತಾಣವಾಗಿವೆ. ಶಾಲಾಮಕ್ಕಳ ಪ್ರವಾಸದ ಪಟ್ಟಿಯಲ್ಲಿ ಗೋಳಗುಮ್ಮಟ, ಕೂಡಲಸಂಗಮಗಳ ಜೊತೆಗೆ ಆಲಮಟ್ಟಿಯ ಹೆಸರೂ ಇರುತ್ತದೆ. ರಾಕ್ ಗಾರ್ಡನ್‌ನಲ್ಲಿ ಬಂಡೆಗಳ ನಡುವೆ ಪ್ರಾಣಿಪಕ್ಷಿಗಳ ಪ್ರತಿಕೃತಿಗಳು, ಕಾಲುದಾರಿ, ಹುಲ್ಲುಹಾಸು, ಹೂಗಿಡಗಳಿವೆ. ಬಿರುಬಿಸಿಲಿನ ಸೀಮೆಯಲ್ಲಿ ಮಕ್ಕಳಿಗೆ ಇಷ್ಟೊಂದು ಹಸಿರು ಕಾಣಿಸಿದ್ದು ಸಣ್ಣ ಸಾಧನೆಯಲ್ಲ. ಮುಂದಿನ ಹೆಜ್ಜೆಯೊಂದು ಮಾತ್ರ ಬಾಕಿ ಇದೆ. ಆ ಬಂಡೆಗಳ ಸಂದಿಗೂ ಈ ಸೀಮೆಯದೇ ಸಸ್ಯಗಳು ಬರಬೇಕು.

ಆಲ್ಪೈನ್ ಸಸ್ಯ ಇಲ್ಲೇಕೆ ಬದುಕದು

ಆಲ್ಪ್ಸ್ ಪರ್ವತದಲ್ಲಿ ಸುಮಾರು 2000 ಮೀಟರಿನ ಆಸುಪಾಸಿನಲ್ಲಿ, ಪಶ್ಚಿಮ ಹಿಮಾಲಯದಲ್ಲಿ ಸುಮಾರು 3500 ಮೀಟರಿನ ಆಸುಪಾಸಿನಲ್ಲಿ ಮರಗಳ ಸಾಲು ಮುಗಿಯುತ್ತದೆ. ಅಲ್ಲಿಂದ ಮೇಲಕ್ಕೆ ಜೆನ್ಶಿಯನ್, ಸ್ಯಾಕ್ಸಿಫ್ರೇಜ್, ಪ್ರಿಮುಲ, ಆಂಡ್ರೊಸೇಸ್, ಎಡೆಲ್‌ವೈಸ್, ಹಿಮಾಲಯದ ನೀಲಿ ಗಸಗಸೆ, ಬ್ರಹ್ಮಕಮಲಗಳ ರಾಜ್ಯ. ಚಳಿಗಾಲದ ತಿಂಗಳುಗಳನ್ನು ಇವು ಹಿಮದ ಹೊದಿಕೆಯಡಿ ನಿದ್ರೆಯಲ್ಲಿ ಕಳೆಯುತ್ತವೆ. ಬೇಸಿಗೆಯಲ್ಲಿ ಹಗಲು ಬಿಸಿಲು ಎಷ್ಟೇ ಚುರುಕಾಗಿದ್ದರೂ ರಾತ್ರಿ ತಣ್ಣಗಿರುತ್ತದೆ. ಹಗಲು ದುಡಿದ ಸಕ್ಕರೆಯನ್ನು ರಾತ್ರಿ ಉಸಿರಾಟದಲ್ಲಿ ಹೆಚ್ಚು ಕಳೆದುಕೊಳ್ಳದೆ ಉಳಿಸಿಕೊಳ್ಳಲು ಈ ತಂಪು ಅವಕ್ಕೆ ಬೇಕೇ ಬೇಕು. ವಿಜಯಪುರ ಸೀಮೆಯ ಎತ್ತರ ಸುಮಾರು 450ರಿಂದ 650 ಮೀಟರ್. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ದಾಟುತ್ತದೆ. ಆ ದಿನಗಳ ರಾತ್ರಿಯೂ ಆಲ್ಪೈನ್ ಸಸ್ಯಕ್ಕೆ ಸಹಿಸಲಾಗದಷ್ಟು ಬೆಚ್ಚಗಿರುತ್ತದೆ. ಹಿಮದ ನಿದ್ರೆ ಇಲ್ಲದೆ ಮೊಗ್ಗು ಕಟ್ಟದು, ಬಿಸಿರಾತ್ರಿಯಲ್ಲಿ ಕೂಡಿಟ್ಟ ಸತ್ವ ಕರಗುತ್ತದೆ, ಮುಂಗಾರಿಯ ಬೆಚ್ಚನೆಯ ತೇವದಲ್ಲಿ ಬುಡ ಕೊಳೆಯುತ್ತದೆ. ನೆರಳಿನ ಬಲೆ, ಮಂಜಿನ ಸಿಂಪಡಣೆ, ಗಾಜಿನ ಮನೆ ಯಾವುದರಿಂದಲೂ ಈ ಮೂರು ಕೊರತೆಗಳನ್ನು ಒಟ್ಟಿಗೆ ನೀಗಿಸಲಾಗದು. ಹವಾನಿಯಂತ್ರಿತ ಕೋಣೆಯಲ್ಲಿ ಕುಂಡದ ಗಿಡವಾಗಿ ಒಂದೆರಡನ್ನು ಉಳಿಸಬಹುದಾದರೂ ಅದು ಶಿಲೋದ್ಯಾನ ಎನಿಸದು.

ಸೋಲಿನ ಕಾರಣಗಳನ್ನು ಹೀಗೆ ಬಿಡಿಸಿ ನೋಡಿದಾಗ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಆಲ್ಪೈನ್ ಸಸ್ಯದ ರೂಪವನ್ನು ತಿದ್ದಿದ್ದು ಚಳಿಯೊಂದೇ ಅಲ್ಲ. ಗಾಳಿ, ತೀವ್ರ ಬೆಳಕು, ತೆಳುಮಣ್ಣು, ಹೆಪ್ಪುಗಟ್ಟಿದ ನೀರು ಬೇರಿಗೆ ದಕ್ಕದ ಬಾಯಾರಿಕೆ, ಬೆಳೆಯಲು ಸಿಗುವ ಅಲ್ಪಾವಧಿ ಇವೆಲ್ಲವೂ ಸೇರಿ ಅದನ್ನು ತಿದ್ದಿವೆ. ಎಡೆಲ್‌ವೈಸ್‌ನ ಬಿಳಿ ರೋಮದ ಹೊದಿಕೆ ನೇರಳಾತೀತ ಬೆಳಕನ್ನೂ ನೀರಿನ ನಷ್ಟವನ್ನೂ ತಡೆಯುತ್ತದೆ. ನೆಲಕ್ಕಂಟಿದ ಸೈಲೀನ್ ಅಕಾಲಿಸ್‌ನ ದಿಂಬಿನಂಥ ಮುದ್ದೆ ಗಾಳಿಯನ್ನು ಮೇಲಿನಿಂದ ಹಾಯಿಸಿ ಒಳಗೆ ತೇವವನ್ನೂ ಬಿಸಿಯನ್ನೂ ಹಿಡಿದಿಡುತ್ತದೆ. ಸೀಡಮ್, ಸೆಂಪರ್ವೈವಮ್‌ಗಳ ದಪ್ಪ ಎಲೆಗಳು ನೀರಿನ ಭಂಡಾರಗಳು. ಬಾಲ್ಕನ್ ಪರ್ವತಗಳ ಹೇಬರ್ಲಿಯಾ, ರಮೊಂಡಾ ಗಿಡಗಳು ಬಂಡೆಯ ಸಂದಿಯಲ್ಲಿ ಪೂರ್ತಿ ಒಣಗಿ ಸುರುಟಿ, ನೀರು ತಾಗಿದ ಮೇಲೆ ಮತ್ತೆ ಹಸಿರಾಗುತ್ತವೆ. ಈ ಪಟ್ಟಿಯಿಂದ ಚಳಿಯನ್ನು ತೆಗೆದರೆ ಉಳಿಯುವುದೆಲ್ಲ ವಿಜಯಪುರದ ಮಡ್ಡಿಯಲ್ಲೂ ಇದೆ. ಗಾಳಿ, ಸುಡುವ ಬೆಳಕು, ಗೇಣುದ್ದದ ಮಣ್ಣು, ವರ್ಷದ ಬಹುಭಾಗ ನೀರಿಲ್ಲದ ಬೇರು, ಮಳೆಗಾಲದ ಕೆಲವೇ ವಾರಗಳ ಬೆಳವಣಿಗೆ ಇಲ್ಲಿನ ಸಸ್ಯಗಳಿಗೂ ತಪ್ಪಿದ್ದಲ್ಲ.

ನಾಲ್ಕು ತಾಲ್ಲೂಕುಗಳ ಕಲ್ಲು ಮತ್ತು ಮಣ್ಣು

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಡೆಕ್ಕನ್ ಟ್ರ್ಯಾಪ್ ಬಸಾಲ್ಟ್ ಈ ಸೀಮೆಯ ಬೆನ್ನೆಲುಬು. ಭೀಮಾ ನದಿಯ ಕಡೆಗಿರುವ ಇಂಡಿಯಲ್ಲೂ ಸಿಂದಗಿಯ ಬಹುಭಾಗದಲ್ಲೂ ಕಾಣುವುದು ಇದೇ ಕಪ್ಪುಕಲ್ಲು. ಗೋಳಗುಮ್ಮಟವನ್ನು ಕಟ್ಟಿದ್ದೂ ಈ ಕಲ್ಲಿನಿಂದಲೇ. ದಕ್ಷಿಣಕ್ಕೆ ಬಸವನಬಾಗೇವಾಡಿಯನ್ನು ದಾಟಿ ಕೃಷ್ಣೆಯ ದಂಡೆಗೆ ಬಂದರೆ ಲಾವಾದ ಹೊದಿಕೆ ತೆಳುವಾಗಿ, ಅದಕ್ಕಿಂತ ಬಹಳ ಹಳೆಯ ಶಿಲೆಗಳು ಮೇಲೆ ಕಾಣಿಸುತ್ತವೆ. ಮುದ್ದೇಬಿಹಾಳದ ಕಡೆ ಗ್ರಾನೈಟ್ ಮತ್ತು ನೈಸ್ ಶಿಲೆಗಳಿವೆ, ತಾಳಿಕೋಟೆಯ ಸುತ್ತ ಭೀಮಾ ಶ್ರೇಣಿಯ ಸುಣ್ಣಕಲ್ಲಿನ ಪದರಗಳಿವೆ. ಮನೆಯ ನೆಲಕ್ಕೆ ಹಾಸುವ ಫರಸಿ ಬರುವುದು ಇಂಥ ಪದರಗಳಿಂದಲೇ. ಒಂದೇ ಜಿಲ್ಲೆಯೊಳಗೆ ಬಸಾಲ್ಟ್, ಗ್ರಾನೈಟ್, ಸುಣ್ಣಕಲ್ಲು ಮೂರೂ ಸಿಗುವುದು ಶಿಲೋದ್ಯಾನ ಕಟ್ಟುವವರ ಭಾಗ್ಯ. ಮೂರರ ಗುಣವೂ ಬೇರೆಬೇರೆ. ಬಸಾಲ್ಟ್ ಈರುಳ್ಳಿಯ ಸಿಪ್ಪೆಯಂತೆ ಪದರು ಬಿಚ್ಚಿ ದುಂಡಗಾಗುತ್ತದೆ, ಬಿಸಿಲಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ, ಆದರೆ ಅದರ ಅಡಿಯ ಮಣ್ಣು ಸುತ್ತಲಿನ ಬಯಲಿಗಿಂತ ತಡವಾಗಿ ಒಣಗುತ್ತದೆ. ಗ್ರಾನೈಟ್ ಬಂಡೆಯ ಮೈ ಮೇಲೆ ಬಿದ್ದ ಮಳೆ ನೇರವಾಗಿ ಸಂದಿಗೆ ಇಳಿಯುವುದರಿಂದ ಬಂಡೆಯ ಬುಡಕ್ಕೆ ಸಿಗುವ ನೀರು ಬಯಲಿಗಿಂತ ಹೆಚ್ಚು. ಸುಣ್ಣಕಲ್ಲು ಅಡ್ಡಪದರಗಳಲ್ಲಿ ಸೀಳುವುದರಿಂದ ಬೇರಿಗೆ ಸಮನಾದ ಸಂದಿಗಳನ್ನು ಒದಗಿಸುತ್ತದೆ.

ಮಣ್ಣಿನ ವಿಷಯದಲ್ಲಿ ಎಚ್ಚರ ಬೇಕು. ಈ ಸೀಮೆಯ ಹೆಮ್ಮೆಯಾದ ಎರಿ ಭೂಮಿ ಬಿಳಿಜೋಳಕ್ಕೆ, ಕಡಲೆಗೆ ಎಷ್ಟು ಒಳ್ಳೆಯದೋ ಶಿಲೋದ್ಯಾನಕ್ಕೆ ಅಷ್ಟೇ ಕೆಟ್ಟದು. ಅದರ ಜೇಡಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಮೇಲೆ ಇಟ್ಟ ಬಂಡೆ ಎರಡು ಮಳೆಗಾಲದೊಳಗೆ ವಾಲುತ್ತದೆ, ಸಂದಿಯ ಸಸ್ಯದ ಬೇರು ಹರಿಯುತ್ತದೆ, ನಿಂತ ನೀರು ಬುಡವನ್ನು ಕೊಳೆಸುತ್ತದೆ. ರೈತರು ಕಡಿಮೆ ಬೆಲೆ ಕಟ್ಟುವ ಮಡ್ಡಿ, ಅದರಡಿಯ ಗರಸು ಇಲ್ಲಿ ಬಂಗಾರ. ಯುರೋಪಿನ ತೋಟಗಾರರು ಜಲ್ಲಿ, ಮರಳು, ಎಲೆಗೊಬ್ಬರ ಬೆರೆಸಿ ಕಷ್ಟಪಟ್ಟು ತಯಾರಿಸುವ ಹರಳುಮಣ್ಣು ಇಲ್ಲಿ ಬಸಾಲ್ಟ್ ಕೊಳೆತು ತಾನಾಗಿಯೇ ಸಿದ್ಧವಾಗಿದೆ. ನೀರು ಅದರಲ್ಲಿ ನಿಲ್ಲದೆ ಇಳಿಯುತ್ತದೆ, ತೇವ ಮಾತ್ರ ಹರಳಿನ ಮೈಗೆ ಅಂಟಿ ಉಳಿಯುತ್ತದೆ. ಇಂಡಿಯ ಹೆಸರನ್ನು ದೂರದೂರಿಗೆ ಒಯ್ದ ಲಿಂಬೆಯೂ ಬುಡದಲ್ಲಿ ನೀರು ನಿಂತರೆ ಸಹಿಸದ ಗಿಡ. ನೀರು ಬಸಿದುಹೋಗುವ ನೆಲದ ಬೆಲೆ ಲಿಂಬೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಇಲ್ಲಿನ ಮಣ್ಣಿನಲ್ಲಿ ಸುಣ್ಣದ ಹರಳೂ ಕ್ಷಾರವೂ ಹೆಚ್ಚು. ಆದ್ದರಿಂದ ಹುಳಿಮಣ್ಣು ಬೇಡುವ ಗಿಡಗಳನ್ನು ಮೊದಲೇ ಕೈಬಿಡುವುದು ಲೇಸು.

ಮಡ್ಡಿಯ ಸಸ್ಯಗಳು

ಡೆಕ್ಕನ್ನಿನ ಒಣ ಕಲ್ಲುನೆಲದ ಸಸ್ಯಗಳನ್ನು ಅವು ಬದುಕುವ ಬಗೆಯಿಂದ ನಾಲ್ಕು ಗುಂಪಾಗಿ ನೋಡಬಹುದು. ಮೊದಲನೆಯದು ಕಾಂಡದಲ್ಲಿ ನೀರು ಕೂಡಿಡುವ ಗುಂಪು. ಕಳ್ಳಿಯ ಜಾತಿಗಳು, ಕ್ಯಾರಲ್ಲುಮ, ಅದರ ಹತ್ತಿರದ ಬಳಗವಾದ ಬೌಸೆರೋಸಿಯ ಇದಕ್ಕೆ ಸೇರುತ್ತವೆ. ಎಕ್ಕೆಯ ಕುಟುಂಬದ ಈ ಕ್ಯಾರಲ್ಲುಮವನ್ನು ಹತ್ತಿರದಿಂದ ನೋಡಬೇಕು. ಬೆರಳು ಗಾತ್ರದ, ನಾಲ್ಕು ಏಣಿನ ಬೂದುಹಸಿರು ಕಾಂಡ. ಏಣಿನ ಮೇಲೆ ಎಲೆಯ ಗುರುತಿನಂಥ ಸಣ್ಣ ಹಲ್ಲುಗಳು. ಮಳೆಗಾಲದಲ್ಲಿ ತುದಿಯಲ್ಲಿ ಕಂದುಗೆಂಪಿನ, ಅಂಚಿಗೆ ರೋಮವುಳ್ಳ ನಕ್ಷತ್ರದಂಥ ಹೂ. ಬೌಸೆರೋಸಿಯದ ಗೊಂಚಲು ಹೂವಿನ ದುರ್ಗಂಧಕ್ಕೆ ನೊಣಗಳು ಮುತ್ತಿ ಪರಾಗ ಒಯ್ಯುತ್ತವೆ. ಬಳಿಕ ಜೋಡಿ ಕೊಂಬಿನಂಥ ಕಾಯಿ ಒಡೆದು ರೇಷ್ಮೆಯ ಕುಚ್ಚಿರುವ ಬೀಜಗಳು ಗಾಳಿಗೆ ಹಾರಿ ಇನ್ನೊಂದು ಸಂದಿಗೆ ಸೇರುತ್ತವೆ. ಈ ಗುಂಪಿನ ಸಸ್ಯಗಳು ಹಗಲು ರಂಧ್ರ ಮುಚ್ಚಿ ರಾತ್ರಿ ಇಂಗಾಲಾಮ್ಲ ಹೀರಿಕೊಳ್ಳುತ್ತವೆ. ಆಲ್ಪ್ಸ್‌ನ ಸೀಡಮ್ ಬಳಗವೂ ಬರಗಾಲದಲ್ಲಿ ಇದೇ ಉಪಾಯಕ್ಕೆ ಮೊರೆಹೋಗುತ್ತದೆ. ಮಹಾರಾಷ್ಟ್ರದ ಜುನ್ನರ್ ಬಳಿ 1865ರಲ್ಲಿ ಡಾಲ್ಜೆಲ್ ಗುರುತಿಸಿದ, ಕಡಿದಾದ ಬಸಾಲ್ಟ್ ಬಂಡೆಗಳಲ್ಲಷ್ಟೇ ಬೆಳೆಯುವ ಅಪರೂಪದ ಫ್ರೀರಿಯಾ ಇದೇ ಬಳಗದ್ದು. ಬಸಾಲ್ಟ್ ಬಂಡೆ ತನ್ನದೇ ಆದ ಸಸ್ಯಕುಲವನ್ನು ಸೃಷ್ಟಿಸುತ್ತದೆ ಎಂಬುದಕ್ಕೆ ಅದು ಬಲವಾದ ಸಾಕ್ಷಿ.

ಎರಡನೆಯ ಗುಂಪು ಗಡ್ಡೆಯವು. ಕಾಡು ಈರುಳ್ಳಿ ಎಲೆ ಬರುವ ಮೊದಲೇ ಬರಿನೆಲದಿಂದ ಹೂವಿನ ಕಡ್ಡಿಯನ್ನು ಮೇಲೆತ್ತುತ್ತದೆ. ಎಲೆಗಳು ಮಳೆಯ ಜೊತೆ ಬರುತ್ತವೆ. ಗೌರಿಹೂವಿನ ಕೆಂಪು, ಹಳದಿ ಜ್ವಾಲೆ ಬೇಲಿ ಪೊದೆಗಳನ್ನು ಹತ್ತಿ ಅರಳುತ್ತದೆ. ಅದರ ಗಡ್ಡೆಯೂ ಬೀಜವೂ ವಿಷವಾದ್ದರಿಂದ ಮಕ್ಕಳ ಕೈಗೆ ಎಟುಕದಂತೆ ನೆಡಬೇಕು. ಸೆರೊಪೀಜಿಯ ಬಳ್ಳಿಯ ಕಂದೀಲಿನಂಥ ಹೂ, ಸಯನೋಟಿಸ್‌ನ ನೇರಳೆ ಗೊಂಚಲು ಕೂಡ ಮುಂಗಾರಿಯ ಕೊಡುಗೆಗಳೇ. ಮೂರನೆಯದು ಒಣಗಿ ಮರುಹುಟ್ಟು ಪಡೆಯುವ ಗುಂಪು. ನವಿಲುಗರಿಯನ್ನು ಚಿಕ್ಕದಾಗಿಸಿದ ಹಾಗೆ ಕಾಣುವ ಮಯೂರಶಿಖಿ ಜರೀಗಿಡ, ಸಂಜೀವಿನಿ ಎನಿಸಿಕೊಳ್ಳುವ ಸೆಲಾಜಿನೆಲ್ಲ, ಟ್ರೈಪೋಗನ್ ಎಂಬ ಗಿಡ್ಡಹುಲ್ಲು ತಿಂಗಳುಗಟ್ಟಲೆ ಒಣಗಿದ್ದರೂ ಮಳೆ ಬಿದ್ದ ಮೇಲೆ ಅದೇ ಎಲೆಯಲ್ಲಿ ಮತ್ತೆ ಹಸಿರು ತುಂಬಿಕೊಳ್ಳುತ್ತವೆ. ಯುರೋಪಿನವರು ಹೇಬರ್ಲಿಯಾ, ರಮೊಂಡಾಗಳಿಗೆ ತೋಟದ ಅತಿ ಮುಖ್ಯ ಸಂದಿಗಳನ್ನು ಮೀಸಲಿಟ್ಟರು. ಅಂಥದೇ ಶಕ್ತಿಯ ಈ ಸಸ್ಯಗಳು ನಮ್ಮಲ್ಲಿ ಯಾರ ಗಮನಕ್ಕೂ ಬಾರದೆ ಕಾಲಡಿ ಸಿಗುತ್ತವೆ. ನಾಲ್ಕನೆಯದು ನೆಲಕ್ಕಂಟಿ ಬೆಳೆಯುವ ಗುಂಪು. ಲೆಪಿಡಾಗ್ಯಾಥಿಸ್ ಗಿಡ ತನ್ನ ಹೂಗೊಂಚಲುಗಳನ್ನು ಬುಡದಲ್ಲೇ ಉಂಡೆಕಟ್ಟಿಕೊಂಡು ಗರಸಿಗೆ ಅಂಟಿ ಕೂರುತ್ತದೆ; ಮಡ್ಡಿಯಲ್ಲಿ ಆಲ್ಪೈನ್ ದಿಂಬಿಗೆ ಅತಿ ಹತ್ತಿರದ ರೂಪ ಇದೇ. ವಿಷ್ಣುಕ್ರಾಂತಿಯ ಕಣ್ಣುಹರಳಿನಷ್ಟು ಚಿಕ್ಕ ನೀಲಿ ಹೂ, ನೆಗ್ಗಿಲಿನ ಹಳದಿ ಹೂ ಹರಳುನೆಲವನ್ನು ತುಂಬುತ್ತವೆ. ಹಿನ್ನೆಲೆಗೆ ತಂಗಡಿ, ಬಂದರಿಕೆ, ಮುಳ್ಳುಗೋರಟೆ ಸಾಕು. ತಂಗಡಿಯ ಬಂಗಾರದ ಹೂವು ಕಪ್ಪುಬಂಡೆಯ ಎದುರು ಎಷ್ಟು ಚೆಂದ ಎಂಬುದನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ.

ಕಟ್ಟುವ ಕ್ರಮ

ಕಟ್ಟುವ ವಿದ್ಯೆಯಲ್ಲಿ ಯುರೋಪಿನಿಂದ ಪಡೆಯಬೇಕಾದ್ದೂ ತಿದ್ದಿಕೊಳ್ಳಬೇಕಾದ್ದೂ ಎರಡೂ ಇವೆ. ಬಂಡೆಯ ಮೂರನೇ ಒಂದು ಭಾಗವಾದರೂ ನೆಲದೊಳಗೆ ಹೂತಿರಬೇಕು, ಪದರದ ಗೆರೆಗಳೆಲ್ಲ ಒಂದೇ ದಿಕ್ಕಿಗೆ ವಾಲಿರಬೇಕು, ಬಂಡೆಯ ಮೇಲ್ಮೈ ಒಳಗಡೆಗೆ ತುಸು ಇಳಿಜಾರಾಗಿದ್ದು ಮಳೆನೀರನ್ನು ಬೇರಿನತ್ತ ಕಳಿಸಬೇಕು, ಗಿಡದ ಕೊರಳಿನ ಸುತ್ತ ಎರಡು ಬೆರಳು ದಪ್ಪ ಹರಳು ಹಾಸಿರಬೇಕು. ಇವು ಎಲ್ಲಿಗೂ ಸಲ್ಲುವ ನಿಯಮಗಳು. ಎರಿ ಭೂಮಿಯಲ್ಲಿ ಕಟ್ಟುವುದಾದರೆ ಜೇಡಿಯನ್ನು ತೆಗೆದು ಗರಸಿನ ಪದರ ಸಿಗುವವರೆಗೆ ಹೋಗಬೇಕು, ಇಲ್ಲವೇ ಗರಸನ್ನೇ ತುಂಬಿ ಎತ್ತರದ ದಿಬ್ಬ ಮಾಡಿ ನೀರು ಹೊರಗೆ ಹರಿಯಲು ಕಾಲುವೆ ಬಿಡಬೇಕು. ತಿದ್ದಿಕೊಳ್ಳಬೇಕಾದ್ದು ದಿಕ್ಕಿನ ಲೆಕ್ಕ. ತಂಪು ಬೇಡುವ ಗಿಡಗಳನ್ನು ಬಂಡೆಯ ಉತ್ತರದ ಮಗ್ಗುಲಿಗೆ ನೆಡಿ ಎಂದು ಯುರೋಪಿನ ಪುಸ್ತಕಗಳು ಹೇಳುತ್ತವೆ, ಏಕೆಂದರೆ ಅಲ್ಲಿ ಸೂರ್ಯ ಸದಾ ದಕ್ಷಿಣಕ್ಕೆ ವಾಲಿರುತ್ತಾನೆ. ಆಲಮಟ್ಟಿ ಇರುವುದು ಸುಮಾರು 16.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಸರಿದಿರುತ್ತಾನೆ. ಕಡುಬೇಸಿಗೆಯ ಆ ದಿನಗಳಲ್ಲಿ ಉತ್ತರದ ಮಗ್ಗುಲಿನಿಂದ ನೆರಳಿಲ್ಲ. ಆದ್ದರಿಂದ ಜರೀಗಿಡ, ಸೆಲಾಜಿನೆಲ್ಲಗಳನ್ನು ಬಂಡೆಯ ಪೂರ್ವದ ಮಗ್ಗುಲಲ್ಲಿ, ಮೇಲಿಂದ ಚಾಚಿದ ಕಲ್ಲಿನಡಿ ನೆಡಬೇಕು. ಇಳಿಹೊತ್ತಿನ ಬಿಸಿಲನ್ನು ತಡೆಯುವುದೇ ಇಲ್ಲಿ ಮುಖ್ಯ. ಕಳ್ಳಿ, ಕ್ಯಾರಲ್ಲುಮಗಳಿಗೆ ಪಶ್ಚಿಮದ ಮಗ್ಗುಲೂ ನಡೆಯುತ್ತದೆ, ಆದರೆ ಸಣ್ಣ ಸಸಿಗೆ ಒಂದು ಮುಳ್ಳುಪೊದೆಯ ಆಸರೆ ಬೇಕು. ಮಡ್ಡಿಯಲ್ಲಿ ಕ್ಯಾರಲ್ಲುಮ ಸಾಮಾನ್ಯವಾಗಿ ಪೊದೆಯ ಬುಡದಲ್ಲೇ ಕಾಣುವುದಕ್ಕೂ ಇದೇ ಕಾರಣ.

ಆಕ್ಷೇಪಗಳು

ಆಲ್ಪೈನ್ ಸಸ್ಯವಿಲ್ಲದ ತೋಟವನ್ನು ಶಿಲೋದ್ಯಾನವೆಂದು ಕರೆಯುವುದು ಸರಿಯೇ ಎಂಬುದು ಮೊದಲ ಆಕ್ಷೇಪ. ಜಗತ್ತಿನ ಅನುಭವ ಇದಕ್ಕೆ ಉತ್ತರ ಕೊಟ್ಟಿದೆ. ದಕ್ಷಿಣ ಆಫ್ರಿಕದ ಕಾರೂ ಮರುಭೂಮಿ ಸಸ್ಯೋದ್ಯಾನ 1921ರಲ್ಲಿ ಆರಂಭವಾಗಿ 1945ರಲ್ಲಿ ವೂಸ್ಟರ್ ಪಟ್ಟಣಕ್ಕೆ ಸ್ಥಳಾಂತರಗೊಂಡಿತು. ಅಲ್ಲಿನವರು ತಮ್ಮ ಒಣನಾಡಿನ ರಸಭರಿತ ಸಸ್ಯಗಳನ್ನು ತಮ್ಮದೇ ಕಲ್ಲಿನ ನಡುವೆ ಬೆಳೆಸಿದರು. ಆ ತೋಟ ಇಂದು ಸಸ್ಯವಿಜ್ಞಾನಿಗಳಿಗೂ ಪ್ರವಾಸಿಗರಿಗೂ ಬೇಕಾದ ಜಾಗ. ಯುರೋಪಿನ ತೋಟಗಾರರೇ ಬಾಲ್ಕನ್, ಟರ್ಕಿ, ದಕ್ಷಿಣ ಆಫ್ರಿಕಗಳ ತಗ್ಗುಸೀಮೆಯ ಕಲ್ಲುಸಸ್ಯಗಳನ್ನು ತಮ್ಮ ಶಿಲೋದ್ಯಾನಕ್ಕೆ ಎಂದೋ ಸೇರಿಸಿಕೊಂಡಿದ್ದಾರೆ. ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು: ಊರ ಹೊರಗಿನ ಮಡ್ಡಿಯಲ್ಲಿ ಪುಕ್ಕಟೆ ಬೆಳೆಯುವ ಗಿಡಕ್ಕೆ ತೋಟವೇಕೆ? ಮಡ್ಡಿ ಶಾಶ್ವತವಲ್ಲ ಎಂಬುದೇ ಇದಕ್ಕೆ ಉತ್ತರ. ಕೃಷ್ಣೆಯ ನೀರು ನಾರಾಯಣಪುರದ ಎಡದಂಡೆ ಕಾಲುವೆ, ಇಂಡಿ ಶಾಖಾ ಕಾಲುವೆಗಳಿಂದಲೂ ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳಿಂದಲೂ ಹೊಸಹೊಸ ನೆಲ ಮುಟ್ಟುತ್ತಿದೆ. ಬರದಿಂದ ಬೆಂದ ಸೀಮೆಗೆ ಈ ನೀರು ಬರಲೇಬೇಕಿತ್ತು, ಅದಕ್ಕೆ ಯಾರೂ ಮರುಗಬೇಕಿಲ್ಲ. ಆದರೆ ನೀರು ಬಂದಲ್ಲಿ ಮಡ್ಡಿ ಸಮತಟ್ಟಾಗುತ್ತದೆ, ಕಲ್ಲುಖಣಿ ಬಂದಲ್ಲಿ ಬಂಡೆಯೇ ಹೋಗುತ್ತದೆ, ಪಾಳುನೆಲವನ್ನು ಬಳ್ಳಾರಿಜಾಲಿ ಆವರಿಸುತ್ತದೆ. ಕ್ಯಾರಲ್ಲುಮವನ್ನು ಮೈತೂಕ ಇಳಿಸುವ ಔಷಧಿಗೆಂದು ಕಾಡಿನಿಂದ ಕಿತ್ತು ಮಾರುವ ವ್ಯಾಪಾರವೂ ದೇಶದಲ್ಲಿ ಬೆಳೆದಿದೆ. ಸಾಮಾನ್ಯ ಎನಿಸಿದ ಸಸ್ಯ ಅಪರೂಪವಾಗಲು ಹೆಚ್ಚು ಕಾಲ ಬೇಕಿಲ್ಲ. ಅಷ್ಟರೊಳಗೆ ಅದಕ್ಕೊಂದು ಕಾಯಂ ನೆಲೆ ಬೇಕು.

ಮೂರನೆಯ ಆಕ್ಷೇಪ ನೋಡುಗರ ಪರವಾದದ್ದು. ಬಿಸಿಲಲ್ಲಿ ಬೆಂದು ಬರುವ ಜನ ಹಸಿರನ್ನೂ ಬಣ್ಣವನ್ನೂ ಬಯಸುತ್ತಾರೆ. ಎಂಟು ತಿಂಗಳು ಕಂದಾಗಿರುವ ತೋಟವನ್ನು ಯಾರು ನೋಡುತ್ತಾರೆ? ಈ ಮಾತಿನಲ್ಲಿ ಸತ್ಯವಿದೆ. ಆದ್ದರಿಂದಲೇ ಹುಲ್ಲುಹಾಸು, ಕಾರಂಜಿಗಳನ್ನು ತೆಗೆಯಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ಅವುಗಳ ಪಕ್ಕದಲ್ಲಿ ರಾಕ್ ಗಾರ್ಡನ್‌ನ ಒಂದು ಭಾಗವನ್ನಾದರೂ ಮಡ್ಡಿಯ ಸಸ್ಯಗಳಿಗೆ ಬಿಡಬೇಕು ಎಂಬುದಷ್ಟೇ ಬೇಡಿಕೆ. ಕಳ್ಳಿ, ಲೋಳೆಸರ, ಕ್ಯಾರಲ್ಲುಮಗಳ ರೂಪಕ್ಕೆ ಬೇಸಿಗೆಯ ಹಂಗಿಲ್ಲ, ತಂಗಡಿ ವರ್ಷದ ಬಹುಕಾಲ ಹೂ ಕೊಡುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಜಲಾಶಯ ತುಂಬಿ ಜನ ಹೆಚ್ಚಾಗಿ ಬರುವ ಕಾಲವೇ ಮಡ್ಡಿ ಹೂಬಿಡುವ ಕಾಲವೂ ಹೌದು. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸಿನಲ್ಲಿರುವ ಸೀಮೆಯಲ್ಲಿ, ನಾಟಿಯ ಮೊದಲ ವರ್ಷ ಬಿಟ್ಟರೆ ನೀರೇ ಬೇಡದ ತೋಟವೊಂದು ಇದ್ದರೆ ಅದು ಊರೂರಿನ ಶಾಲೆಗೂ ಬಸ್ ನಿಲ್ದಾಣಕ್ಕೂ ಗುಡಿಯ ಅಂಗಳಕ್ಕೂ ಮಾದರಿಯಾಗುತ್ತದೆ. ಹುಲ್ಲುಹಾಸನ್ನು ಊರೂರಿಗೆ ಹಂಚಲು ನೀರಿಲ್ಲ. ಮಡ್ಡಿಯ ತೋಟವನ್ನು ಹಂಚಲು ಕಲ್ಲು, ಗರಸು, ಸಸಿ ಇಷ್ಟೇ ಸಾಕು.

ಕೊನೆಯ ಆಕ್ಷೇಪ ಪರಿಸರಪ್ರೇಮಿಗಳದ್ದು: ತೋಟದ ಆಸೆಗೆ ಮಡ್ಡಿಯ ಗಿಡಗಳನ್ನೇ ಕಿತ್ತು ತಂದರೆ ಉಳಿಸುವ ಬದಲು ಅಳಿಸಿದಂತಾಗದೇ? ಖಂಡಿತ ಆಗುತ್ತದೆ. ಫ್ಯಾರರ್ ಕಾಲದ ಯುರೋಪಿನಲ್ಲಿ ಆಲ್ಪೈನ್ ಗಿಡಗಳನ್ನು ಬೇರುಸಹಿತ ಕಿತ್ತು ಮಾರಿದ್ದರಿಂದ ಎಷ್ಟೋ ಪರ್ವತದ ಇಳಿಜಾರುಗಳು ಬರಿದಾದವು. ಆ ತಪ್ಪು ಇಲ್ಲಿ ಮರುಕಳಿಸಬಾರದು. ಕ್ಯಾರಲ್ಲುಮವನ್ನು ಕಾಂಡದ ತುಂಡಿನಿಂದ, ಗೌರಿಹೂವನ್ನು ಬೀಜ ಮತ್ತು ಗಡ್ಡೆಯ ತುಂಡಿನಿಂದ, ತಂಗಡಿಯನ್ನು ಬೀಜದಿಂದ ಬೆಳೆಸಬಹುದು. ತುಂಡನ್ನು ಒಂದು ವಾರ ನೆರಳಲ್ಲಿ ಒಣಗಿಸಿ ಗಾಯ ಮಾಗಿದ ಮೇಲೆ ಒಣ ಗರಸಿನಲ್ಲಿ ಊರಿದರೆ ಬೇರು ಬಿಡುತ್ತದೆ. ಹಸಿಗಾಯಕ್ಕೆ ನೀರು ಹಾಕಿದರೆ ಕೊಳೆಯುತ್ತದೆ. ಕಾಲುವೆಗೆ, ರಸ್ತೆಗೆ, ಖಣಿಗೆ ಹೋಗಲಿರುವ ನೆಲದಿಂದ ಗಿಡಗಳನ್ನು ಮೊದಲೇ ಎತ್ತಿ ತೋಟಕ್ಕೆ ಸಾಗಿಸುವುದು ಇನ್ನೊಂದು ದಾರಿ. ಹೊರನಾಡಿನ ಗಿಡಗಳ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಡಬಗಳ್ಳಿ ದಕ್ಷಿಣ ಭಾರತದ ಹೊಲಗಳನ್ನು ನುಂಗುತ್ತಿದ್ದಾಗ ಅದನ್ನು ಹತೋಟಿಗೆ ತರಲು 1926ರಲ್ಲಿ ಶ್ರೀಲಂಕಾದಿಂದ ಕಾಚಿನೀಲ್ ಹುಳುವನ್ನು ತರಬೇಕಾಯಿತು. ಹೊರಗಿನಿಂದ ತಂದ ಕಳ್ಳಿ ಬೇಲಿ ದಾಟಿದರೆ ಏನಾಗುತ್ತದೆ ಎಂಬ ಪಾಠ ನಮ್ಮ ನೆಲದಲ್ಲೇ ಇದೆ.

ಮುಂದಿನ ದಾರಿ

ಈ ಕೆಲಸಕ್ಕೆ ಬೇಕಾದ ಸಂಸ್ಥೆಗಳು ಕೈಗೆಟುಕುವ ದೂರದಲ್ಲೇ ಇವೆ. ಆಲಮಟ್ಟಿಯ ಉದ್ಯಾನಗಳನ್ನು ಬೆಳೆಸಿದ ಅನುಭವವುಳ್ಳ ಕೃಷ್ಣಾ ಭಾಗ್ಯ ಜಲ ನಿಗಮವಿದೆ, ನದಿಯ ಆಚೆ ಬಾಗಲಕೋಟೆಯಲ್ಲಿ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಕಲ್ಲನ್ನು ಕಣ್ಣಳತೆಯಲ್ಲೇ ಸೀಳಬಲ್ಲ ಕಲ್ಲುಕುಟಿಗರು ಮುದ್ದೇಬಿಹಾಳ, ತಾಳಿಕೋಟೆಗಳ ಸುತ್ತ ಇದ್ದಾರೆ, ಮಡ್ಡಿಯ ಯಾವ ಮೂಲೆಯಲ್ಲಿ ಯಾವ ಗಿಡ ಯಾವ ಮಳೆಗೆ ಹೂಬಿಡುತ್ತದೆ ಎಂದು ಬಲ್ಲ ಕುರಿಗಾಹಿಗಳು ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ಈ ನಾಲ್ವರ ತಿಳಿವಳಿಕೆ ಒಂದೆಡೆ ಸೇರಿದರೆ ಇಂಡಿ, ಸಿಂದಗಿಗೆ ಬಸಾಲ್ಟ್ ಮತ್ತು ಗರಸಿನ ದಿಬ್ಬ, ಮುದ್ದೇಬಿಹಾಳಕ್ಕೆ ಗ್ರಾನೈಟ್ ಬಂಡೆ ಮತ್ತು ತಾಳಿಕೋಟೆ ಕಲ್ಲಿನ ಅಡ್ಡಪದರ, ಬಸವನಬಾಗೇವಾಡಿಗೆ ಹೊಳೆದಂಡೆಯ ಹಳೆಯ ಶಿಲೆ ಎಂಬಂತೆ ನಾಲ್ಕು ಭಾಗಗಳ ಶಿಲೋದ್ಯಾನ ಆಲಮಟ್ಟಿಯಲ್ಲಿ ರೂಪುಗೊಳ್ಳಬಹುದು. ಪ್ರತಿ ಸಸ್ಯದ ಪಕ್ಕದಲ್ಲಿ ಅದರ ಊರಿನ ಹೆಸರು, ಶಾಸ್ತ್ರೀಯ ಹೆಸರು, ಹೂಬಿಡುವ ಮಳೆ ನಕ್ಷತ್ರಗಳನ್ನು ಬರೆದ ಕಲ್ಲುಫಲಕವಿದ್ದರೆ, ಪ್ರವಾಸಕ್ಕೆ ಬಂದ ಮಗು ತನ್ನ ಊರ ಹೊರಗಿನ ಮಡ್ಡಿಯನ್ನು ಮರಳಿ ಹೋದಾಗ ಬೇರೆ ಕಣ್ಣಿನಿಂದ ನೋಡುತ್ತದೆ. ಯುರೋಪಿನ ಶಿಲೋದ್ಯಾನ ಆಲ್ಪೈನ್ ಸಸ್ಯಗಳನ್ನು ಬೆಳೆಸಿದ್ದಷ್ಟೇ ಅಲ್ಲ, ಪರ್ವತವನ್ನು ಪ್ರೀತಿಸುವ, ಕಾಯುವ ಜನರನ್ನೂ ಬೆಳೆಸಿತು. ಬರಡು ಎಂದು ಕರೆಸಿಕೊಂಡ ಈ ಸೀಮೆಯ ಮಡ್ಡಿಗೂ ಅಂಥ ಜನ ಬೇಕು, ಅವರನ್ನು ಬೆಳೆಸುವ ಶಕ್ತಿ ಆಲಮಟ್ಟಿಯ ಬಂಡೆಗಳಿಗಿದೆ.